ಕಾಣದ ಕಣಕ್ಕೆ ನೆಲದ ಮೇಲಿನ ಅಳತೆ

ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿ 2021ರ ಮೇ 27ರಂದು ದಾಖಲಾದ, ‘ಅಮತೆರಾಸು’ ಎಂಬ ಹೆಸರು ಪಡೆದ ವಿಶ್ವಕಿರಣದ, ಅಂದರೆ ಬಾಹ್ಯಾಕಾಶದಿಂದ ಬಂದ ಅಪಾರ ಶಕ್ತಿಯ ಒಂದು ಕಣದ, ಕುರಿತು ಈ ಅಂಕಣದಲ್ಲಿ ಹಿಂದೆ ಪ್ರಕಟವಾದ ಟಿಪ್ಪಣಿಯನ್ನು ಓದಿ ಅನೇಕರು ಪ್ರಶ್ನೆಗಳನ್ನು ಕಳುಹಿಸಿದ್ದಾರೆ. ನೆಲದ ಮೇಲೆ ಉಪಕರಣಗಳನ್ನಿಟ್ಟು ಇಂತಹ ಕಣಗಳನ್ನು ಅಳೆಯುವುದು ಹೇಗೆ, ಆ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಹೆಚ್ಚಿನ ಪತ್ರಗಳ ಕೇಳಿಕೆ. ಅವುಗಳಲ್ಲಿ ಆಯ್ದ ಕೆಲವನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ.

ಪ್ರಶ್ನೆ: ಆ ಕಣದ ಶಕ್ತಿ 244 ಎಕ್ಸಾ ಎಲೆಕ್ಟ್ರಾನ್ ವೋಲ್ಟ್ ಎಂದು ಬರೆದಿದ್ದೀರಿ. ಅದು ವಾಯುಮಂಡಲದಲ್ಲಿಯೇ ಚೂರುಚೂರಾಯಿತೆಂದೂ ಬರೆದಿದ್ದೀರಿ. ಯಾವ ಉಪಕರಣಕ್ಕೂ ಸಿಗದ ಕಣದ ಶಕ್ತಿಯನ್ನು ಮೂರು ಅಂಕಿಗಳವರೆಗೆ ಹೇಳುವುದು ಹೇಗೆ ಸಾಧ್ಯ? (ದಾವಣಗೆರೆಯ ಭೌತವಿಜ್ಞಾನ ವಿದ್ಯಾರ್ಥಿನಿ)

ಉತ್ತರ: ನಿಮ್ಮ ಸಂದೇಹ ಸರಿಯಾಗಿಯೇ ಇದೆ. ಸುದ್ದಿ ವರದಿಗಳಲ್ಲಿ 244 ಎಂಬ ಅಂಕಿ ಒಂಟಿಯಾಗಿ ಬಂದಿತು. 2023ರ ನವೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಮೂಲ ಪ್ರಬಂಧದಲ್ಲಿ ಅದರ ಜೊತೆಗೆ ಇನ್ನೂ ಮೂರು ಅಂಕಿಗಳಿದ್ದವು. ಆಕಸ್ಮಿಕ ಏರಿಳಿತಗಳಿಂದ ಬರುವ ಅನಿಶ್ಚಿತತೆ ಎರಡೂ ಕಡೆಗೆ 29. ಅಳೆಯುವ ಕ್ರಮದಲ್ಲಿಯೇ ಅಡಗಿರಬಹುದಾದ ದೋಷದ ಮಿತಿ ಮೇಲ್ಗಡೆಗೆ 51, ಕೆಳಗಡೆಗೆ 76. ಈ ಮೂರನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳಿದರೆ ಅಳತೆಯ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಪ್ರಮಾಣವನ್ನು ಗ್ರಹಿಸೋಣ. 244 ಎಕ್ಸಾ ಎಲೆಕ್ಟ್ರಾನ್ ವೋಲ್ಟ್ ಎಂದರೆ 2.44×10²⁰ ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 39 ಜೂಲ್. ಒಂದು ಕಿಲೋ ತೂಕದ ಕಲ್ಲನ್ನು ನಾಲ್ಕು ಮೀಟರ್ ಎತ್ತರದಿಂದ ಬಿಟ್ಟರೆ ಅದು ನೆಲ ಮುಟ್ಟುವಾಗ ಇರುವಷ್ಟೇ ಶಕ್ತಿ ಇದು, ಆದರೆ ಇಲ್ಲಿ ಅದಷ್ಟೂ ಪರಮಾಣುವಿಗಿಂತ ಎಷ್ಟೋ ಚಿಕ್ಕದಾದ ಒಂದೇ ಕಣದಲ್ಲಿದೆ. ಜಿನೀವಾದ ಲಾರ್ಜ್ ಹೇಡ್ರಾನ್ ಕೊಲೈಡರಿನಲ್ಲಿ ಒಂದು ಪ್ರೋಟಾನಿಗೆ ಕೊಡಲಾಗುವ ಶಕ್ತಿಯ ಮೂರು ಕೋಟಿ ಪಟ್ಟಿಗಿಂತಲೂ ಇದು ಹೆಚ್ಚು.

ಇಂತಹ ಕಣ ವಾಯುಮಂಡಲವನ್ನು ಹೊಕ್ಕಾಗ, ನೆಲದಿಂದ ಹತ್ತಾರು ಕಿಲೋಮೀಟರ್ ಎತ್ತರದಲ್ಲಿ, ಸಾರಜನಕದ ಅಥವಾ ಆಮ್ಲಜನಕದ ಯಾವುದೋ ಪರಮಾಣು ಬೀಜಕ್ಕೆ ಡಿಕ್ಕಿ ಹೊಡೆಯುತ್ತದೆ. ಅಲ್ಲಿ ಹುಟ್ಟಿದ ಕಣಗಳು ಮತ್ತೆ ಡಿಕ್ಕಿ ಹೊಡೆದು ಇನ್ನಷ್ಟು ಕಣಗಳನ್ನು ಹುಟ್ಟಿಸುತ್ತವೆ. ಅವುಗಳಲ್ಲಿ ಅಲ್ಪಾಯುಷಿಗಳಾದ ಪಯಾನ್‌ಗಳು ಕ್ಷಯಿಸಿ ಎಲೆಕ್ಟ್ರಾನಿನಂತೆಯೇ ಆವೇಶವುಳ್ಳ, ಆದರೆ ಅದಕ್ಕಿಂತ ಭಾರವಾದ ಮ್ಯೂಆನ್‌ಗಳಾಗುತ್ತವೆ, ಗಾಮಾ ಕಿರಣಗಳು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿಗಳಾಗುತ್ತವೆ, ಅವು ಮತ್ತೆ ಗಾಮಾ ಕಿರಣಗಳನ್ನು ಹೊರಸೂಸುತ್ತವೆ. ಹೀಗೆ ಬೆಳೆಯುತ್ತ ಹೋಗುವ ಕಣಗಳ ಸುರಿಮಳೆಯಲ್ಲಿ, ಕಣಗಳ ಸಂಖ್ಯೆ ಅತಿ ಹೆಚ್ಚಾಗುವ ಅದರ ತುಟ್ಟತುದಿಯಲ್ಲಿ, ಹಲವು ಸಾವಿರ ಕೋಟಿ ಕಣಗಳಿರುತ್ತವೆ. ಇದನ್ನೇ ವಿಜ್ಞಾನಿಗಳು ಏರ್ ಶವರ್ ಎನ್ನುತ್ತಾರೆ. ದೂರದೂರ ಇಟ್ಟ ಎಣಿಕೆಯ ಉಪಕರಣಗಳು ಏಕಕಾಲಕ್ಕೆ ಮಿಡಿಯುವುದನ್ನು ಗಮನಿಸಿ, ಅವೆಲ್ಲ ಒಂದೇ ಮೂಲಕಣದ ಸಂತತಿಯೆಂದು ಫ್ರಾನ್ಸಿನ ಪಿಯರ್ ಆಜೇ 1938ರ ಸುಮಾರಿಗೆ ತೋರಿಸಿಕೊಟ್ಟರು. ಅಂದಿನಿಂದ ಇಂದಿನವರೆಗೆ ನೆಲದ ಮೇಲೆ ಅಳೆಯುತ್ತಿರುವುದು ಈ ಸಂತತಿಯನ್ನೇ ಹೊರತು ಮೂಲಕಣವನ್ನಲ್ಲ.

ಅದರಲ್ಲಿಯೂ ಸಂತತಿಯ ಎಷ್ಟು ಪಾಲು ನಮ್ಮ ಕೈಗೆ ಸಿಗುತ್ತದೆ ಎಂಬುದನ್ನು ನೋಡಬೇಕು. ಯೂಟಾದ ‘ಟೆಲಿಸ್ಕೋಪ್ ಅರೇ’ ಕೇಂದ್ರದಲ್ಲಿ ಸುಮಾರು 700 ಚದರ ಕಿಲೋಮೀಟರ್ ಬಯಲಿನಲ್ಲಿ 507 ಸಿಂಟಿಲೇಟರ್ ಉಪಕರಣಗಳಿವೆ, ಅಂದರೆ ಕಣ ಹಾಯ್ದಾಗ ಮಿನುಗುವ ಫಲಕಗಳು. ಒಂದೊಂದರ ವಿಸ್ತೀರ್ಣ 3 ಚದರ ಮೀಟರ್. ಒಂದರಿಂದ ಇನ್ನೊಂದಕ್ಕೆ 1.2 ಕಿಲೋಮೀಟರ್ ಅಂತರ. ಅಮತೆರಾಸುವಿನ ಸುರಿಮಳೆ ಇವುಗಳಲ್ಲಿ 23 ಉಪಕರಣಗಳನ್ನು ಮುಟ್ಟಿತು. ಆ 23 ಉಪಕರಣಗಳು ಆವರಿಸುವ ನೆಲ ಮೂವತ್ತು ಚದರ ಕಿಲೋಮೀಟರಿಗೂ ಹೆಚ್ಚು, ಆದರೆ ಅವೆಲ್ಲ ಸೇರಿ ನಿಜವಾಗಿ ಕಣಗಳನ್ನು ಎಣಿಸಿದ ಜಾಗ 69 ಚದರ ಮೀಟರ್ ಮಾತ್ರ. ಬಿದ್ದ ಮಳೆಯಲ್ಲಿ ಹತ್ತು ಲಕ್ಷಕ್ಕೆ ಎರಡು ಪಾಲನ್ನಷ್ಟೇ ಮಾದರಿಯಾಗಿ ತೆಗೆದು ಉಳಿದದ್ದನ್ನು ಲೆಕ್ಕದಿಂದ ಕಟ್ಟಿಕೊಳ್ಳಬೇಕು.

ಈ ಲೆಕ್ಕ ಹೀಗಿರುತ್ತದೆ. ಸುರಿಮಳೆಯ ನಡುಭಾಗದಲ್ಲಿ ಕಣಗಳ ದಟ್ಟಣೆ ಅಪಾರ. ಅಂಚಿಗೆ ಸರಿದಂತೆ ಅದು ಕುಸಿಯುತ್ತದೆ. ತೀರ ನಡುವೆ ಸಿಕ್ಕಿಕೊಂಡ ಉಪಕರಣ ಎಣಿಕೆಯ ಮಿತಿ ಮೀರಿ ಸ್ತಬ್ಧವಾಗುತ್ತದೆ, ತೀರ ಅಂಚಿನದಕ್ಕೆ ಬೆರಳೆಣಿಕೆಯ ಕಣಗಳು ಸಿಗುತ್ತವೆ. ಆದ್ದರಿಂದ ನಡುವಿನಿಂದ ನಿರ್ದಿಷ್ಟ ದೂರದಲ್ಲಿ, ಟೆಲಿಸ್ಕೋಪ್ ಅರೇ ಕೇಂದ್ರದಲ್ಲಿ 800 ಮೀಟರ್ ದೂರದಲ್ಲಿ, ದಟ್ಟಣೆ ಎಷ್ಟಿತ್ತೆಂಬುದನ್ನು ಸುತ್ತಲಿನ ಎಣಿಕೆಗಳಿಂದ ನಿರ್ಧರಿಸಿ, ಆ ಒಂದು ಸಂಖ್ಯೆಯನ್ನು ಶಕ್ತಿಯ ಸೂಚಕವೆಂದು ಇಟ್ಟುಕೊಳ್ಳುತ್ತಾರೆ. ಮೂಲಕಣ ಯಾವುದಾದರೂ, ಮೊದಲ ಡಿಕ್ಕಿ ಯಾವ ಎತ್ತರದಲ್ಲಾದರೂ, ಆ ದೂರದ ದಟ್ಟಣೆಯಲ್ಲಿ ಏರುಪೇರು ಕಡಿಮೆ ಎಂಬುದೇ ಈ ಆಯ್ಕೆಗೆ ಕಾರಣ.

ಸೂಚಕ ಸಿಕ್ಕಿತು, ಅದರಿಂದ ಶಕ್ತಿಗೆ ಹೋಗುವ ದಾರಿ ಯಾವುದು? ಕಂಪ್ಯೂಟರಿನಲ್ಲಿ ಸಾವಿರಾರು ಕೃತಕ ಸುರಿಮಳೆಗಳನ್ನು ಸೃಷ್ಟಿಸಿ, ಇಷ್ಟು ದಟ್ಟಣೆಗೆ ಇಷ್ಟು ಶಕ್ತಿ ಎಂದು ಹೋಲಿಸುವುದು ಒಂದು ದಾರಿ. ಇನ್ನೊಂದು ದಾರಿ ಆಕಾಶದ ಮಿನುಗನ್ನೇ ನೋಡುವುದು. ಸುರಿಮಳೆಯ ಕಣಗಳು ಹಾಯ್ದುಹೋಗುವಾಗ ಗಾಳಿಯಲ್ಲಿನ ಸಾರಜನಕ ಉದ್ದೀಪನಗೊಂಡು 300ರಿಂದ 400 ನ್ಯಾನೋಮೀಟರ್ ತರಂಗದೂರದ ಮಂದವಾದ ನೇರಳಾತೀತ ಬೆಳಕನ್ನು ಬೀರುತ್ತದೆ. ಗಾಳಿಗೆ ಎಷ್ಟು ಶಕ್ತಿ ಸಂದಾಯವಾಯಿತೋ ಅದಕ್ಕೆ ತಕ್ಕಷ್ಟೇ ಬೆಳಕು. ದೂರದರ್ಶಕಗಳಿಂದ ಈ ಬೆಳಕನ್ನು ಅಳೆದು ಕೂಡಿಸಿದರೆ, ಸುರಿಮಳೆಯ ಒಳಗಿನ ಭೌತವಿಜ್ಞಾನವನ್ನು ಹೆಚ್ಚು ಊಹಿಸದೆಯೇ ಒಟ್ಟು ಶಕ್ತಿಯ ಹತ್ತಿರಕ್ಕೆ ಬರಬಹುದು. ಮ್ಯೂಆನ್‌ಗಳು ಮತ್ತು, ಯಾವುದರೊಂದಿಗೂ ಹೆಚ್ಚುಕಡಿಮೆ ಬೆರೆಯದ, ನ್ಯೂಟ್ರಿನೊ ಕಣಗಳು ಬೆಳಕು ಬೀರದೆ ಒಯ್ಯುವ ಪಾಲನ್ನು, ಅಂದರೆ ಸಾಮಾನ್ಯವಾಗಿ ಹತ್ತರಿಂದ ಹದಿನೈದು ಶೇಕಡಾವನ್ನು, ಬೇರೆಯಾಗಿ ಸೇರಿಸಬೇಕಾಗುತ್ತದೆ.

ಈ ಎರಡು ದಾರಿಗಳು ಒಂದೇ ಜಾಗಕ್ಕೆ ತಲುಪುವುದಿಲ್ಲ ಎಂಬುದು ಇಡೀ ವಿಷಯದ ತಿರುಳು. ಎರಡೂ ಬಗೆಯ ಉಪಕರಣಗಳಿಗೆ ಒಟ್ಟಿಗೇ ಸಿಕ್ಕ ಸುರಿಮಳೆಗಳನ್ನು ಹೋಲಿಸಿದಾಗ, ಕಂಪ್ಯೂಟರ್ ಲೆಕ್ಕದಿಂದ ಬಂದ ಶಕ್ತಿ ಬೆಳಕಿನಿಂದ ಬಂದ ಶಕ್ತಿಗಿಂತ 1.27 ಪಟ್ಟು ಹೆಚ್ಚಿರುವುದು ಟೆಲಿಸ್ಕೋಪ್ ಅರೇ ವಿಜ್ಞಾನಿಗಳಿಗೆ ಕಂಡುಬಂದಿತು. ಅವರು ಬೆಳಕನ್ನು ನಂಬಿ, ನೆಲದ ಲೆಕ್ಕವನ್ನೆಲ್ಲ 1.27ರಿಂದ ಭಾಗಿಸಿದರು. ಅಮತೆರಾಸುವಿನ 244 ಹೀಗೆ ಭಾಗಿಸಿದ ನಂತರದ ಅಂಕಿ.

ಅಂದು ಆ ಕಣದ ಬೆಳಕನ್ನೇ ನೇರವಾಗಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. 2021ರ ಮೇ 26 ಬುದ್ಧ ಪೂರ್ಣಿಮೆ. ಮರುದಿನ ಬೆಳಗಿನ ಜಾವದಲ್ಲಿಯೂ ಬೆಳದಿಂಗಳು ಪ್ರಖರವಾಗಿದ್ದುದರಿಂದ ದೂರದರ್ಶಕಗಳು ಮುಚ್ಚಿದ್ದವು. ಹಾಗಾಗಿ ಬೇರೆ ರಾತ್ರಿಗಳ, ಬಹುತೇಕ ಇದಕ್ಕಿಂತ ಬಹಳ ಕಡಿಮೆ ಶಕ್ತಿಯ ಸುರಿಮಳೆಗಳಿಂದ ಕಲಿತ ಅನುಪಾತವನ್ನು ಇಲ್ಲಿಗೆ ಅನ್ವಯಿಸಬೇಕಾಯಿತು. 1991ರ ಅಕ್ಟೋಬರ್ 15ರಂದು ಇದೇ ಯೂಟಾದಲ್ಲಿ ‘ಫ್ಲೈಸ್ ಐ’ ಎಂಬ ಕೇಂದ್ರ ದಾಖಲಿಸಿದ, ಇಂದಿಗೂ ಅತಿ ಹೆಚ್ಚಿನದೆಂದು ಗಣನೆಯಲ್ಲಿರುವ ಸುಮಾರು 320 ಎಕ್ಸಾ ಎಲೆಕ್ಟ್ರಾನ್ ವೋಲ್ಟ್ ಕಣದ್ದು ಇದಕ್ಕೆ ತದ್ವಿರುದ್ಧ ಸ್ಥಿತಿ: ಅದು ಬೆಳಕಿನಿಂದ ಮಾತ್ರ ಅಳೆದದ್ದು. ದಾಖಲೆಯ ಎರಡು ಕಣಗಳಲ್ಲಿ ಒಂದನ್ನು ಆಕಾಶದಲ್ಲಿ ಮಾತ್ರ ಕಂಡೆವು, ಇನ್ನೊಂದನ್ನು ನೆಲದಲ್ಲಿ ಮಾತ್ರ. ಎರಡೂ ಕ್ರಮಗಳಿಗೆ ಒಟ್ಟಿಗೇ ಸಿಕ್ಕ ಅಷ್ಟು ದೊಡ್ಡ ಕಣ ಇನ್ನೂ ಬರಬೇಕಾಗಿದೆ.

ಪ್ರಶ್ನೆ: ಇಷ್ಟೆಲ್ಲ ಪರದಾಟವೇಕೆ? ಉಪಗ್ರಹದಲ್ಲಿ ಉಪಕರಣವನ್ನಿಟ್ಟು ಮೂಲಕಣವನ್ನೇ ಹಿಡಿಯಬಾರದೇ? (ಹಾಸನದ ನಿವೃತ್ತ ಎಂಜಿನಿಯರ್)

ಉತ್ತರ: ಕಡಿಮೆ ಶಕ್ತಿಯ ಕಣಗಳಿಗೆ ಹಾಗೆಯೇ ಮಾಡುತ್ತಾರೆ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೇಲಿರುವ ಎ.ಎಂ.ಎಸ್. ಉಪಕರಣ 2011ರಿಂದ ಇದೇ ಕೆಲಸದಲ್ಲಿದೆ. ಹೆಚ್ಚಿನ ಶಕ್ತಿಯ ಕಣಗಳು ಬಹಳ ವಿರಳವೆಂಬುದೇ ತೊಡಕು. 10¹⁹ ಎಲೆಕ್ಟ್ರಾನ್ ವೋಲ್ಟ್ ಮೀರಿದ ಕಣ ಒಂದು ಚದರ ಕಿಲೋಮೀಟರಿಗೆ ವರ್ಷಕ್ಕೆ ಸುಮಾರು ಒಂದು ಬೀಳುತ್ತದೆ. 10²⁰ ಮೀರಿದ್ದು ಶತಮಾನಕ್ಕೆ ಒಂದು. ರಾಕೆಟಿನಲ್ಲಿ ಒಯ್ಯಬಹುದಾದ ಕೆಲವು ಚದರ ಮೀಟರಿನ ಉಪಕರಣಕ್ಕೆ ಅಂತಹ ಕಣ ಸಿಗಬೇಕಾದರೆ ಕಾಯುವ ಕಾಲ ಕೋಟಿ ವರ್ಷಗಳ ಲೆಕ್ಕಕ್ಕೆ ಹೋಗುತ್ತದೆ. ಆದ್ದರಿಂದ ವಾಯುಮಂಡಲವನ್ನೇ ಉಪಕರಣದ ಭಾಗವಾಗಿ ಬಳಸುವುದು ಅನಿವಾರ್ಯ.

ಪ್ರಶ್ನೆ: ಅರ್ಜೆಂಟೀನಾದಲ್ಲಿ ಇದೇ ಕೆಲಸಕ್ಕೆ ನೀರಿನ ತೊಟ್ಟಿಗಳನ್ನು ಇಟ್ಟಿದ್ದಾರೆಂದು ಓದಿದ್ದೇನೆ. ನೀರು ಏನು ಮಾಡುತ್ತದೆ? ಹವೆ ಬದಲಾದರೆ ಅಳತೆ ಕೆಡುವುದಿಲ್ಲವೇ? (ಶಿರಸಿಯ ಪ್ರೌಢಶಾಲಾ ಶಿಕ್ಷಕಿ)

ಉತ್ತರ: ಆಂಡೀಸ್ ಪರ್ವತಗಳ ಪೂರ್ವಕ್ಕೆ, ಮೆಂಡೋಸಾ ಪ್ರಾಂತ್ಯದ ಮಲಾರ್ಗ್ವೆ ಪಟ್ಟಣದ ಬಳಿ, ಸಮುದ್ರಮಟ್ಟದಿಂದ ಸುಮಾರು 1400 ಮೀಟರ್ ಎತ್ತರದ ಒಣ ಬಯಲಿನಲ್ಲಿ ಪಿಯರ್ ಆಜೇ ವೀಕ್ಷಣಾಲಯವಿದೆ. 3000 ಚದರ ಕಿಲೋಮೀಟರ್ ಹರವಿನಲ್ಲಿ, ಒಂದೂವರೆ ಕಿಲೋಮೀಟರಿಗೆ ಒಂದರಂತೆ, 1660 ತೊಟ್ಟಿಗಳು. ಒಂದು ತೊಟ್ಟಿಯನ್ನು ಹತ್ತಿರದಿಂದ ನೋಡಿದರೆ ಅದು 3.6 ಮೀಟರ್ ವ್ಯಾಸದ ದುಂಡನೆಯ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ 1.2 ಮೀಟರ್ ಆಳಕ್ಕೆ 12,000 ಲೀಟರ್ ಅತಿ ಶುದ್ಧ ನೀರು. ಬೆಳಕಿನ ಒಂದು ಎಳೆಯೂ ಹೊರಗಿನಿಂದ ಬರದಂತೆ ಬಿಗಿದ, ಒಳಮೈ ಬೆಳಕನ್ನು ಚದುರಿಸುವ ಬಿಳಿಯ ಹಾಸು. ನೀರಿನೊಳಕ್ಕೆ ಮುಖಮಾಡಿದ, ಮಂದ ಬೆಳಕನ್ನೂ ವಿದ್ಯುತ್ ಸಂಕೇತವಾಗಿಸುವ ಮೂರು ಫೋಟೊಮಲ್ಟಿಪ್ಲೈಯರ್ ನಳಿಕೆಗಳು. ಮೇಲೆ ಸೌರಫಲಕ, ಜಿ.ಪಿ.ಎಸ್. ಮತ್ತು ರೇಡಿಯೊ ಆಂಟೆನಾ. ನೀರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2.25 ಲಕ್ಷ ಕಿಲೋಮೀಟರ್ ಮಾತ್ರ. ಸುರಿಮಳೆಯ ಕಣಗಳು ಅದಕ್ಕಿಂತ ವೇಗವಾಗಿ ಹಾಯುವುದರಿಂದ ಚೆರೆಂಕೊವ್ ಬೆಳಕು ಎಂಬ ನೀಲಿ ಮಿಂಚು ಹುಟ್ಟುತ್ತದೆ. ನಳಿಕೆಗಳು ಅಳೆಯುವುದು ಅದನ್ನೇ.

ಸಾವಿರದ ಆರುನೂರಕ್ಕೂ ಹೆಚ್ಚು ತೊಟ್ಟಿಗಳು ಒಂದೇ ಅಳತೆಗೋಲಿನಲ್ಲಿ ಇರುವಂತೆ ನೋಡಿಕೊಳ್ಳುವುದು ಸಣ್ಣ ಕೆಲಸವಲ್ಲ. ಬಿಸಿಲಿಗೆ, ರಾತ್ರಿಯ ಕೊರೆಯುವ ಚಳಿಗೆ ನಳಿಕೆಗಳ ವರ್ತನೆ ಬದಲಾಗುತ್ತದೆ, ವರ್ಷಗಳು ಕಳೆದಂತೆ ನೀರು ಮತ್ತು ಒಳಹಾಸು ಹಳೆಯದಾಗುತ್ತವೆ. ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸುಂದರವಾದದ್ದು. ಕಡಿಮೆ ಶಕ್ತಿಯ ವಿಶ್ವಕಿರಣಗಳಿಂದ ಹುಟ್ಟಿ ಎಲ್ಲಿಂದಲೋ ಬರುವ ಸಾಮಾನ್ಯ ಮ್ಯೂಆನ್‌ಗಳು ಪ್ರತಿ ತೊಟ್ಟಿಯನ್ನೂ ಸೆಕೆಂಡಿಗೆ ಎರಡು ಸಾವಿರಕ್ಕೂ ಹೆಚ್ಚು ಬಾರಿ ಹಾಯುತ್ತಲೇ ಇರುತ್ತವೆ. ನೆಟ್ಟಗೆ ಇಳಿದ ಒಂದು ಮ್ಯೂಆನ್ ಎಷ್ಟು ಬೆಳಕು ಕೊಡುತ್ತದೋ ಅದನ್ನೇ ಒಂದು ಘಟಕವೆಂದು ಇಟ್ಟುಕೊಂಡು ತೊಟ್ಟಿ ತನ್ನನ್ನು ತಾನೇ ಮತ್ತೆ ಮತ್ತೆ ಸರಿಹೊಂದಿಸಿಕೊಳ್ಳುತ್ತದೆ. ಯಾರೂ ಆ ಬಯಲಿಗೆ ಹೋಗಬೇಕಾಗಿಲ್ಲ. ಕಡಿಮೆ ಶಕ್ತಿಯ ವಿಶ್ವಕಿರಣಗಳೇ ಹೆಚ್ಚಿನ ಶಕ್ತಿಯವಕ್ಕೆ ಅಳತೆಯ ಮಾನವಾಗಿವೆ.

ಕಣ ಬಂದ ದಿಕ್ಕನ್ನು ತಿಳಿಯುವುದು ಇವುಗಳಲ್ಲೆಲ್ಲ ಸುಲಭದ ಭಾಗ. ಸುರಿಮಳೆಯ ಮುಂಭಾಗ ತೆಳುವಾದ ತಟ್ಟೆಯಂತೆ ಬೆಳಕಿನ ವೇಗದಲ್ಲಿ ಇಳಿಯುತ್ತದೆ. ಅದು 30 ಡಿಗ್ರಿ ಓರೆಯಾಗಿ ಬಂದರೆ, ಆ ದಿಕ್ಕಿನ ಸಾಲಿನಲ್ಲಿರುವ ಒಂದು ತೊಟ್ಟಿಗೂ ಒಂದೂವರೆ ಕಿಲೋಮೀಟರ್ ಆಚೆಯ ತೊಟ್ಟಿಗೂ ಎರಡೂವರೆ ಮೈಕ್ರೊಸೆಕೆಂಡ್ ವ್ಯತ್ಯಾಸ ಬರುತ್ತದೆ. ಜಿ.ಪಿ.ಎಸ್. ಗಡಿಯಾರಗಳಿಗೆ ಇದು ಧಾರಾಳ ಸಮಯ. ದೊಡ್ಡ ಸುರಿಮಳೆಗಳ ದಿಕ್ಕನ್ನು ಒಂದು ಡಿಗ್ರಿಗಿಂತ ಕಡಿಮೆ ದೋಷದಲ್ಲಿ ಹೇಳಬಹುದು.

ಓರೆಯಾಗಿ ಬಂದ ಸುರಿಮಳೆ ಹೆಚ್ಚು ಗಾಳಿಯನ್ನು ದಾಟಿ ಸೊರಗಿರುತ್ತದೆ. ಆದ್ದರಿಂದ ಅದೇ ಶಕ್ತಿಯ ಎರಡು ಕಣಗಳು ನೆಲದಲ್ಲಿ ಬೇರೆ ಬೇರೆ ಎಣಿಕೆ ಕೊಡುತ್ತವೆ. ಇದನ್ನು ಸರಿಪಡಿಸಲು ಆಜೇ ವಿಜ್ಞಾನಿಗಳು ಕಂಪ್ಯೂಟರನ್ನು ನೆಚ್ಚಿಕೊಳ್ಳಲಿಲ್ಲ. ವಿಶ್ವಕಿರಣಗಳು ಎಲ್ಲ ದಿಕ್ಕುಗಳಿಂದಲೂ ಹೆಚ್ಚುಕಡಿಮೆ ಸಮನಾಗಿ ಬರುತ್ತವೆ. ಹಾಗಿದ್ದ ಮೇಲೆ ನಿರ್ದಿಷ್ಟ ಶಕ್ತಿಗೆ ಮೇಲ್ಪಟ್ಟ ಕಣಗಳ ಸಂಖ್ಯೆ ಪ್ರತಿ ಓರೆಯಲ್ಲಿಯೂ ಒಂದೇ ಇರಬೇಕು. ಎಣಿಕೆ ಎಲ್ಲಿ ಕುಗ್ಗಿದೆಯೋ ಅಲ್ಲಿ ಅದು ಗಾಳಿಯ ಪ್ರಭಾವವೆಂದು ತಿಳಿದು, ಎಲ್ಲ ಸುರಿಮಳೆಗಳೂ 38 ಡಿಗ್ರಿಯಲ್ಲಿ ಬಂದಿದ್ದರೆ ಎಷ್ಟು ಎಣಿಕೆ ಸಿಗುತ್ತಿತ್ತೋ ಅದಕ್ಕೆ ತಂದುಕೊಳ್ಳುತ್ತಾರೆ.

ಹವೆಯ ವಿಷಯದಲ್ಲಿ ನಿಮ್ಮ ಶಂಕೆ ನಿಜ. ಗಾಳಿಯ ಒತ್ತಡ ಮತ್ತು ಸಾಂದ್ರತೆ ಬದಲಾದಂತೆ ತೊಟ್ಟಿಗಳ ಎಣಿಕೆಯೂ ಸ್ವಲ್ಪ ಬದಲಾಗುತ್ತದೆ. ತೊಟ್ಟಿಗಳ ಸುತ್ತ ನಿಲ್ಲಿಸಿದ ದೂರದರ್ಶಕಗಳ ಬೆಳಕಿನ ಅಳತೆಗೆ ಇದಕ್ಕಿಂತ ದೊಡ್ಡ ಶತ್ರು ಗಾಳಿಯಲ್ಲಿ ತೇಲುವ ದೂಳು ಮತ್ತು ತೆಳುಮೋಡ. ಇಪ್ಪತ್ತು ಕಿಲೋಮೀಟರ್ ಆಚೆಯಿಂದ ಬರುವ ನೇರಳಾತೀತ ಬೆಳಕಿನಲ್ಲಿ ಎಷ್ಟು ಪಾಲು ದಾರಿಯಲ್ಲಿ ಚದುರಿಹೋಯಿತೆಂದು ತಿಳಿಯದಿದ್ದರೆ ಶಕ್ತಿಯ ಲೆಕ್ಕವೇ ತಪ್ಪುತ್ತದೆ. ಅದಕ್ಕಾಗಿ ಬಯಲಿನ ನಡುವಿನಿಂದ ಆಕಾಶಕ್ಕೆ ಗೊತ್ತಾದ ತೀವ್ರತೆಯ ಲೇಸರ್ ಕಿರಣಗಳನ್ನು ಬಿಟ್ಟು, ಅವು ದೂರದರ್ಶಕಗಳಿಗೆ ಎಷ್ಟು ಮಂಕಾಗಿ ಕಾಣುತ್ತವೆಂದು ರಾತ್ರಿಯುದ್ದಕ್ಕೂ ಪರೀಕ್ಷಿಸುತ್ತಾರೆ. ಮೋಡಗಳನ್ನು ಗುರುತಿಸಲು ಅತಿಗೆಂಪು ಕ್ಯಾಮರಾಗಳಿವೆ. ಬೆಳದಿಂಗಳಿಲ್ಲದ ತಿಳಿಯಾದ ರಾತ್ರಿಗಳು ಮಾತ್ರ ಉಪಯೋಗಕ್ಕೆ ಬರುವುದರಿಂದ ದೂರದರ್ಶಕಗಳು ಒಟ್ಟು ಸಮಯದ ಸುಮಾರು 15 ಶೇಕಡಾ ಮಾತ್ರ ಕೆಲಸ ಮಾಡುತ್ತವೆ. ತೊಟ್ಟಿಗಳಿಗೆ ಹಗಲು ರಾತ್ರಿಯ ಭೇದವಿಲ್ಲ. ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಆಜೇ ವೀಕ್ಷಣಾಲಯ ತನ್ನ ಶಕ್ತಿಯ ಅಳತೆಗೋಲಿನಲ್ಲಿ ಒಪ್ಪಿಕೊಳ್ಳುವ ಅನಿಶ್ಚಿತತೆ 14 ಶೇಕಡಾ. ಎರಡು ದಶಕಗಳ ದುಡಿಮೆಯ ನಂತರದ ಅಂಕಿ ಇದು. ನನ್ನ ದೃಷ್ಟಿಯಲ್ಲಿ ಇದೊಂದು ದೊಡ್ಡ ಸಾಧನೆ.

ಪ್ರಶ್ನೆ: ಹತ್ತು ಇಪ್ಪತ್ತು ಶೇಕಡಾ ವ್ಯತ್ಯಾಸದಿಂದ ಅಂತಹ ದೊಡ್ಡ ನಷ್ಟವೇನು? (ಬೆಳಗಾವಿಯ ಓದುಗರು)

ಉತ್ತರ: ಬೇರೆ ಕಡೆ ನಷ್ಟವಿಲ್ಲದಿರಬಹುದು, ಇಲ್ಲಿ ಇದೆ. ಶಕ್ತಿ ಹತ್ತು ಪಟ್ಟು ಏರಿದರೆ ಅದಕ್ಕೆ ಮೇಲ್ಪಟ್ಟ ಕಣಗಳ ಸಂಖ್ಯೆ ಸುಮಾರು ನೂರು ಪಟ್ಟು ಇಳಿಯುತ್ತದೆ. ಇಳಿಜಾರು ಇಷ್ಟು ಕಡಿದಾಗಿರುವಾಗ ಎಲ್ಲ ಶಕ್ತಿಗಳನ್ನೂ 20 ಶೇಕಡಾ ಹೆಚ್ಚಾಗಿ ಓದಿದರೆ, ಒಂದು ಗಡಿಯ ಮೇಲಿನ ಕಣಗಳು ನಿಜಕ್ಕಿಂತ 44 ಶೇಕಡಾ ಹೆಚ್ಚು ಕಾಣಿಸುತ್ತವೆ. ಆಕಸ್ಮಿಕ ದೋಷವೂ ಒಂದೇ ದಿಕ್ಕಿಗೆ ಮೋಸ ಮಾಡುತ್ತದೆ: ಕೆಳಗಿನ ಶಕ್ತಿಯ ಕಣಗಳು ಅಪಾರವಾಗಿರುವುದರಿಂದ, ತಪ್ಪಿ ಮೇಲಕ್ಕೆ ಹತ್ತಿದವುಗಳ ಸಂಖ್ಯೆ ತಪ್ಪಿ ಕೆಳಕ್ಕೆ ಇಳಿದವುಗಳಿಗಿಂತ ಯಾವಾಗಲೂ ಹೆಚ್ಚು.

ಇದರಿಂದ ಹುಟ್ಟಿದ ಒಂದು ನಿಜವಾದ ವಿವಾದವನ್ನೇ ಹೇಳುತ್ತೇನೆ. ಬ್ರಹ್ಮಾಂಡದಲ್ಲೆಲ್ಲ ಹರಡಿರುವ ಮೈಕ್ರೊವೇವ್ ಹಿನ್ನೆಲೆ ವಿಕಿರಣದೊಂದಿಗೆ ಡಿಕ್ಕಿಯಾಗಿ ಶಕ್ತಿ ಕಳೆದುಕೊಳ್ಳುವುದರಿಂದ, ಸುಮಾರು 5×10¹⁹ ಎಲೆಕ್ಟ್ರಾನ್ ವೋಲ್ಟ್ ಮೀರಿದ ಪ್ರೋಟಾನ್‌ಗಳು ಬಹುದೂರದಿಂದ ನಮ್ಮನ್ನು ತಲುಪಲಾರವು ಎಂದು 1966ರಲ್ಲಿ ಅಮೆರಿಕದ ಗ್ರೈಸೆನ್ ಮತ್ತು ಸೋವಿಯತ್ ಒಕ್ಕೂಟದ ಜಾಟ್ಸೆಪಿನ್, ಕುಜ್ಮಿನ್ ಮುಂಗಂಡಿದ್ದರು. ಜಪಾನಿನ ಅಕೆನೊದಲ್ಲಿ ನೂರು ಚದರ ಕಿಲೋಮೀಟರಿನಲ್ಲಿ 111 ಸಿಂಟಿಲೇಟರ್‌ಗಳನ್ನಿಟ್ಟ ‘ಅಗಾಸ’ ಪ್ರಯೋಗ 10²⁰ ಮೀರಿದ 11 ಕಣಗಳನ್ನು ವರದಿ ಮಾಡಿ, ಅಂತಹ ತಡೆ ಕಾಣುತ್ತಿಲ್ಲ ಎಂದಿತು. ಯೂಟಾದಲ್ಲಿ ಬೆಳಕನ್ನು ಅಳೆಯುತ್ತಿದ್ದ ‘ಹೈರೆಸ್’ ಪ್ರಯೋಗ ತಡೆ ಕಾಣುತ್ತಿದೆ ಎಂದಿತು. ಒಂದು ಕಾಲಕ್ಕೆ ಹೊಸ ಭೌತವಿಜ್ಞಾನವೇ ಬೇಕೇನೋ ಎನ್ನುವಷ್ಟರ ಮಟ್ಟಿಗೆ ಚರ್ಚೆ ನಡೆಯಿತು. ಒಬ್ಬರು ನೆಲದ ಎಣಿಕೆಯನ್ನು ಸಿಮ್ಯುಲೇಶನ್ ಮೂಲಕ ಶಕ್ತಿಯಾಗಿ ಪರಿವರ್ತಿಸಿದ್ದರು, ಇನ್ನೊಬ್ಬರು ಆಕಾಶದ ಬೆಳಕಿನಿಂದ ಲೆಕ್ಕ ಹಾಕಿದ್ದರು. ಯಾರ ಅಳತೆಗೋಲು ಸರಿ ಎಂದು ಹೇಳಲು ಎರಡೂ ಒಂದೇ ಜಾಗದಲ್ಲಿ ಇರಲಿಲ್ಲ. ಆಜೇ ಮತ್ತು ಟೆಲಿಸ್ಕೋಪ್ ಅರೇ ಕೇಂದ್ರಗಳಲ್ಲಿ ನೆಲದ ಉಪಕರಣಗಳ ಸುತ್ತ ದೂರದರ್ಶಕಗಳನ್ನೂ ನಿಲ್ಲಿಸಿದ್ದರ ಹಿಂದೆ ಈ ಪಾಠವಿದೆ. 2008ರಲ್ಲಿ ಹೈರೆಸ್ ಮತ್ತು ಆಜೇ ಎರಡೂ ಅತಿ ಮೇಲಿನ ಶಕ್ತಿಯಲ್ಲಿ ಕಣಗಳ ಸಂಖ್ಯೆ ಥಟ್ಟನೆ ಕುಸಿಯುವುದನ್ನು ಪ್ರಕಟಿಸಿದವು. ಆದರೆ ಆ ಕುಸಿತ 1966ರ ತಡೆಯಿಂದಲೇ ಆದುದೋ ಅಥವಾ ಕಣಗಳನ್ನು ಚಿಮ್ಮಿಸುವ ಮೂಲಗಳ ಕಸುವೇ ಅಲ್ಲಿಗೆ ಮುಗಿಯುತ್ತದೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಇಂದಿಗೂ ಆಜೇ ಮತ್ತು ಟೆಲಿಸ್ಕೋಪ್ ಅರೇ ಕೇಂದ್ರಗಳ ಅಳತೆಗೋಲುಗಳ ನಡುವೆ ಹತ್ತು ಶೇಕಡಾದಷ್ಟು ವ್ಯತ್ಯಾಸವಿದೆ. ಅದನ್ನು ಸರಿಹೊಂದಿಸಿದ ಮೇಲೂ ಅತ್ಯುನ್ನತ ಶಕ್ತಿಯಲ್ಲಿ ಇಬ್ಬರ ಎಣಿಕೆಗಳು ತಾಳೆಯಾಗುವುದಿಲ್ಲ.

ಪ್ರಶ್ನೆ: ನಮ್ಮ ಚಿನ್ನದ ಗಣಿಯಲ್ಲಿಯೂ ವಿಶ್ವಕಿರಣಗಳ ಪ್ರಯೋಗ ನಡೆದಿತ್ತೆಂದು ಹಿರಿಯರು ಹೇಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ? (ಕೆ.ಜಿ.ಎಫ್.ನ ಓದುಗರು)

ಉತ್ತರ: ಹತ್ತಿರದ ಸಂಬಂಧವಿದೆ. ಕಣಗಳು ಕವಲೊಡೆದು ಸುರಿಮಳೆಯಾಗುವ ಬಗೆಯನ್ನು ಗಣಿತದಲ್ಲಿ ವಿವರಿಸಿದವರಲ್ಲಿ ಹೋಮಿ ಭಾಭಾ ಪ್ರಮುಖರು. ಜರ್ಮನಿಯ ಭೌತವಿಜ್ಞಾನಿ ವಾಲ್ಟರ್ ಹೈಟ್ಲರ್ ಜೊತೆಗೂಡಿ 1937ರಲ್ಲಿ ಅವರು ಪ್ರಕಟಿಸಿದ ಸಿದ್ಧಾಂತ ಇಂದಿಗೂ ಪಾಠಗಳಲ್ಲಿದೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣ ಸಂಶೋಧನೆಯ ಘಟಕವನ್ನು ನಡೆಸಿದರು. ಮುಂದೆ ಅವರೇ ಸ್ಥಾಪಿಸಿದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1950ರ ದಶಕದ ಆರಂಭದಲ್ಲಿ ಕೋಲಾರದ ಗಣಿಗೆ ಇಳಿಯಿತು. ಮೈಸೂರು ಸೀಮೆಯವರಾದ ಬಿ. ವಿ. ಶ್ರೀಕಂಠನ್ ಗಣಿಯ ಬೇರೆ ಬೇರೆ ಆಳಗಳಲ್ಲಿ ಮ್ಯೂಆನ್‌ಗಳನ್ನು ಎಣಿಸಿದ ಮೊದಲಿಗರಲ್ಲಿ ಒಬ್ಬರು. ಬಂಡೆಯ ಪದರ ಎಲೆಕ್ಟ್ರಾನ್‌ಗಳನ್ನು ಹೀರಿಕೊಂಡು ಮ್ಯೂಆನ್‌ಗಳನ್ನು ಮಾತ್ರ ಒಳಬಿಡುತ್ತದೆ. ನೆಲದ ಮೇಲೆ ಕಲಸಿಕೊಂಡಿರುವ ಎರಡು ಬಗೆಯ ಕಣಗಳನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಜರಡಿಯಿಲ್ಲ. ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮ್ಯೂಆನ್‌ಗಳೂ ವಿರಳವಾಗುವ ಕಡೆ, 1965ರಲ್ಲಿ ವಿಶ್ವಕಿರಣಗಳಿಂದ ಹುಟ್ಟಿದ ನ್ಯೂಟ್ರಿನೊಗಳು ಪತ್ತೆಯಾದವು. ಕೆ.ಜಿ.ಎಫ್. ಹೆಸರು ಜಗತ್ತಿನ ವಿಜ್ಞಾನ ಚರಿತ್ರೆಯಲ್ಲಿ ಚಿನ್ನಕ್ಕಿಂತ ಗಟ್ಟಿಯಾಗಿ ಉಳಿದಿರುವುದು ಇದರಿಂದ. ನಿಮ್ಮ ಊರಿನ ಶಾಲೆಗಳ ಮಕ್ಕಳಿಗೆ ಇದನ್ನು ತಪ್ಪದೆ ಹೇಳಬೇಕು.

ಅದೇ ಸಂಸ್ಥೆಯ ‘ಗ್ರೇಪ್ಸ್-3’ ಪ್ರಯೋಗ ಊಟಿಯಲ್ಲಿ, 2200 ಮೀಟರ್ ಎತ್ತರದಲ್ಲಿ, ಈಗಲೂ ನಡೆಯುತ್ತಿದೆ. ಸುಮಾರು 400 ಸಿಂಟಿಲೇಟರ್‌ಗಳು ಕೇವಲ 8 ಮೀಟರ್ ಅಂತರದಲ್ಲಿವೆ. ಪಕ್ಕದಲ್ಲಿ 560 ಚದರ ಮೀಟರಿನ ಮ್ಯೂಆನ್ ದೂರದರ್ಶಕವಿದೆ. ಹೀಗೆ ಒತ್ತಾಗಿ ಇಟ್ಟಿರುವುದರಿಂದ ಅದು ಅಮತೆರಾಸುವಿನಂತಹ ದೈತ್ಯ ಕಣಗಳಿಗಲ್ಲ, ಅದಕ್ಕಿಂತ ಲಕ್ಷಾಂತರ ಪಟ್ಟು ಕಡಿಮೆ ಶಕ್ತಿಯವಕ್ಕೆ ಸೂಕ್ತ. ಆ ಶಕ್ತಿಯ ಕೆಳಭಾಗವನ್ನು ಉಪಗ್ರಹಗಳೂ ಮುಟ್ಟುವುದರಿಂದ, ನೇರವಾದ ಅಳತೆಯನ್ನೂ ನೆಲದ ಅಳತೆಯನ್ನೂ ಎದುರುಬದುರಾಗಿ ಇಟ್ಟು ನೋಡುವ ಅವಕಾಶ ಅಲ್ಲಿ ಸಿಗುತ್ತದೆ. ಹವೆಯ ಪ್ರಭಾವಕ್ಕೂ ಊಟಿ ಒಂದು ಸಾಕ್ಷಿ ಕೊಟ್ಟಿದೆ: 2014ರ ಡಿಸೆಂಬರ್ 1ರಂದು ಗುಡುಗಿನ ಮೋಡವೊಂದು ಮೇಲೆ ಹಾದಾಗ ಮ್ಯೂಆನ್‌ಗಳ ಎಣಿಕೆ ಕೆಲವು ನಿಮಿಷಗಳ ಕಾಲ ಇಳಿಯಿತು; ಆ ಇಳಿಕೆಯಿಂದ ಹಿಂದಕ್ಕೆ ಲೆಕ್ಕ ಹಾಕಿ, ಮೋಡದೊಳಗಿನ ವಿದ್ಯುತ್ ವಿಭವ ಸುಮಾರು 130 ಕೋಟಿ ವೋಲ್ಟ್ ಇತ್ತೆಂದು ಕಂಡುಕೊಂಡರು.

ಪ್ರಶ್ನೆ: ಮೊಬೈಲ್ ಕ್ಯಾಮರಾದಿಂದ ವಿಶ್ವಕಿರಣಗಳನ್ನು ಅಳೆಯಬಹುದೇ? (ಮಂಗಳೂರಿನ ಪಿ.ಯು. ವಿದ್ಯಾರ್ಥಿ)

ಉತ್ತರ: ಲೆನ್ಸನ್ನು ಕಪ್ಪು ಟೇಪಿನಿಂದ ಪೂರ್ತಿ ಮುಚ್ಚಿ ಬಹಳ ಹೊತ್ತು ಕಾದರೆ ಸಂವೇದಕದ ಮೇಲೆ ಮ್ಯೂಆನ್ ಬಿಟ್ಟ ಚುಕ್ಕೆಯೋ ಗೆರೆಯೋ ಸಿಗಬಹುದು. ಮ್ಯೂಆನ್ ಬಂದಿತೆಂದು ಮಾತ್ರ ಅದು ಹೇಳುತ್ತದೆ. ಅದರ ಮೂಲಕಣದ ಶಕ್ತಿಯನ್ನು ತಿಳಿಯಲು ಸಾಲದು.

ಪ್ರಶ್ನೆ: ಅಮತೆರಾಸು ಬಂದ ದಿಕ್ಕಿನಲ್ಲಿ ಏನೂ ಇಲ್ಲವೆಂದು ಬರೆದಿದ್ದೀರಿ. ದಿಕ್ಕು ಒಂದು ಡಿಗ್ರಿಯವರೆಗೆ ಗೊತ್ತಿದ್ದ ಮೇಲೆ ಅದರ ಮೂಲ ಏಕೆ ಸಿಗುತ್ತಿಲ್ಲ? (ಮೈಸೂರಿನ ಓದುಗರು)

ಉತ್ತರ: ನಾವು ತಿಳಿದಿರುವುದು ಭೂಮಿಯನ್ನು ಹೊಕ್ಕಾಗ ಅದರ ದಿಕ್ಕು. ಗೆಲಾಕ್ಸಿಗಳು ಬಹಳ ವಿರಳವಾದ ‘ಸ್ಥಳೀಯ ಶೂನ್ಯ’ ಎಂಬ ಪ್ರದೇಶದತ್ತ ಆ ದಿಕ್ಕು ಬೊಟ್ಟು ಮಾಡುತ್ತದೆ ನಿಜ. ಆದರೆ ವಿದ್ಯುದಾವೇಶವುಳ್ಳ ಕಣದ ಹಾದಿಯನ್ನು ಆಕಾಶಗಂಗೆಯ ಕಾಂತಕ್ಷೇತ್ರ ಬಾಗಿಸುತ್ತದೆ. ಎಷ್ಟು ಬಾಗಿಸುತ್ತದೆಂಬುದು ಆವೇಶವನ್ನು ಅವಲಂಬಿಸಿದೆ. ಅದೇ ಶಕ್ತಿಯ ಪ್ರೋಟಾನಿಗಿಂತ ಕಬ್ಬಿಣದ ಪರಮಾಣು ಬೀಜ 26 ಪಟ್ಟು ಹೆಚ್ಚು ಬಾಗುತ್ತದೆ. ಹಾಗಾಗಿ ಮೊದಲು ಬಂದದ್ದು ಯಾವ ಬೀಜ ಎಂದು ತಿಳಿಯಬೇಕು, ನೆಲದಿಂದ ಅಳೆಯುವವರಿಗೆ ಅತಿ ಕಠಿಣವಾದದ್ದು ಇದೇ.

ಕಬ್ಬಿಣದ ಬೀಜ 56 ತುಣುಕುಗಳ ಗುಂಪಿನಂತೆ ವರ್ತಿಸುವುದರಿಂದ ಅದರ ಸುರಿಮಳೆ ಮೇಲೆಯೇ ಬೆಳೆದು ಮುಗಿಯುತ್ತದೆ, ಮತ್ತು ಹೆಚ್ಚು ಮ್ಯೂಆನ್‌ಗಳನ್ನು ಕೊಡುತ್ತದೆ. ಪ್ರೋಟಾನಿನದು ಇನ್ನೂ ಕೆಳಗಿಳಿದು ತುದಿ ಮುಟ್ಟುತ್ತದೆ. ತುದಿಯ ಎತ್ತರವನ್ನು ದೂರದರ್ಶಕಗಳು ಅಳೆಯಬಲ್ಲವು, ಆದರೆ ಒಂದೇ ಬಗೆಯ ಕಣಗಳಲ್ಲಿಯೂ ಅದು ಸುರಿಮಳೆಯಿಂದ ಸುರಿಮಳೆಗೆ ಬಹಳ ಏರಿಳಿಯುತ್ತದೆ. ಆದ್ದರಿಂದ ಸಾವಿರಾರು ಕಣಗಳ ಗುಂಪಿನ ಸರಾಸರಿ ಹೇಳಬಹುದು, ಇಂತಹ ಒಂದು ಕಣ ಇಂಥದ್ದೇ ಎಂದು ಹೇಳಲಾಗದು. ಶಕ್ತಿ ಏರಿದಂತೆ ಸರಾಸರಿ ಬೀಜ ಭಾರವಾಗುತ್ತ ಹೋಗುತ್ತದೆಂಬುದು ಆಜೇ ಕೇಂದ್ರದ ಅಳತೆಗಳ ಸೂಚನೆ.

ಮ್ಯೂಆನ್‌ಗಳ ಎಣಿಕೆಯಿಂದ ಬೀಜವನ್ನು ಗುರುತಿಸಲು ಹೊರಟರೆ ಇನ್ನೊಂದು ಒಗಟು ಎದುರಾಗುತ್ತದೆ. ನಿಜವಾದ ಸುರಿಮಳೆಗಳಲ್ಲಿ ಕಂಪ್ಯೂಟರ್ ಲೆಕ್ಕಕ್ಕಿಂತ ಗಣನೀಯವಾಗಿ ಹೆಚ್ಚು ಮ್ಯೂಆನ್‌ಗಳಿವೆ. ನಿಂತಿರುವ ಬೀಜಕ್ಕೆ ಹೊಡೆಯುವ ಕಣದ ಪೂರ್ಣ ಶಕ್ತಿ ಹೊಸ ಕಣಗಳಿಗೆ ಒದಗದು; ಆದರೂ ಮೊದಲ ಡಿಕ್ಕಿಯಲ್ಲಿ ಅವಕ್ಕೆ ಒದಗುವ ಶಕ್ತಿ ಮಾನವನಿರ್ಮಿತ ವೇಗವರ್ಧಕಗಳು ತಲುಪಿದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚು, ಅಮತೆರಾಸುವಿನ ವಿಷಯದಲ್ಲಿ ಸುಮಾರು 50 ಪಟ್ಟು. ಅಲ್ಲಿ ಪಯಾನ್‌ಗಳು ಹೇಗೆ ಹುಟ್ಟುತ್ತವೆಂಬುದನ್ನು ಕೆಳಗಿನ ಶಕ್ತಿಯಿಂದ ಊಹಿಸಿ ಹೇಳುತ್ತಿದ್ದೇವೆ. ಈ ಕೊರತೆಯನ್ನು ಕಡಿಮೆ ಮಾಡುವ ಎರಡು ಪ್ರಯತ್ನಗಳು ನಡೆದಿವೆ. 2025ರ ಜುಲೈನಲ್ಲಿ ಜಿನೀವಾದ ಕೊಲೈಡರಿನಲ್ಲಿ ಪ್ರೋಟಾನ್‌ಗಳನ್ನು ಆಮ್ಲಜನಕದ ಬೀಜಗಳಿಗೆ ಡಿಕ್ಕಿ ಹೊಡೆಸಲಾಯಿತು, ಏಕೆಂದರೆ ಗಾಳಿಯಲ್ಲಿ ನಡೆಯುವುದು ಇಂಥದೇ ಡಿಕ್ಕಿ. ಆಜೇ ಬಯಲಿನಲ್ಲಿ ತೊಟ್ಟಿಗಳ ಮೇಲೆ ತೆಳುವಾದ ಸಿಂಟಿಲೇಟರ್ ಹಲಗೆಗಳನ್ನು ಕೂರಿಸಲಾಗಿದೆ. ಹಲಗೆ ಎಲೆಕ್ಟ್ರಾನ್‌ಗಳಿಗೆ ಹೆಚ್ಚು ಸ್ಪಂದಿಸುತ್ತದೆ, ಕೆಳಗಿನ ಆಳವಾದ ನೀರು ಮ್ಯೂಆನ್‌ಗಳಿಗೆ. ಎರಡನ್ನೂ ಹೋಲಿಸಿದರೆ ಒಂದೊಂದು ಸುರಿಮಳೆಯಲ್ಲಿಯೂ ಮ್ಯೂಆನ್‌ಗಳ ಪಾಲನ್ನು ಬೇರ್ಪಡಿಸಬಹುದು. ಮುಂದಿನ ದೈತ್ಯ ಕಣ ಆ ತೊಟ್ಟಿಗಳ ಮೇಲೆ ಬಿದ್ದರೆ ಅದರ ಶಕ್ತಿ, ದಿಕ್ಕುಗಳ ಜೊತೆಗೆ ಅದು ಹಗುರವಾದ ಬೀಜವೋ ಭಾರವಾದದ್ದೋ ಎಂಬುದನ್ನೂ ಹೇಳಲು ಸಾಧ್ಯವಾಗಬಹುದು. ಅಮತೆರಾಸುವಿನ ಬಗ್ಗೆ ಆ ಮಾಹಿತಿ ನಮ್ಮ ಬಳಿ ಇಲ್ಲ, ಆದ್ದರಿಂದ ಅದು ನಿಜವಾಗಿ ಶೂನ್ಯ ಪ್ರದೇಶದಿಂದ ಬಂದಿತೋ ಅಥವಾ ಪಕ್ಕದ ಯಾವುದೋ ಗೆಲಾಕ್ಸಿಯಿಂದ ಹೊರಟು ದಾರಿಯಲ್ಲಿ ಬಾಗಿ ಬಂದಿತೋ ಎಂದು ಇಂದು ಹೇಳಲಾಗುವುದಿಲ್ಲ.